ಸಜ್ಜದ ಮೇಲೆ ಉಳಿದ ಮರಿ

ಮಧ್ಯಾಹ್ನ ಹನ್ನೆರಡೂಮುಕ್ಕಾಲರಿಂದ ಸಂಜೆ ಆರೂವರೆಯವರೆಗೆ ಮನೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವನ ಕೆಲಸವನ್ನು ಅನುಕಂಪದ ಆಧಾರದ ಮೇಲೆ ಅಮ್ಮನಿಗೆ ಕೊಟ್ಟಿದ್ದರು. ಅದೇ ಕಚೇರಿ. ಅಪ್ಪನ ಮೇಜಿನಿಂದ ಎರಡು ಮೇಜು ಹಿಂದೆ ಅಮ್ಮನ ಜಾಗ. ಹತ್ತನೇ ಕ್ಲಾಸಿನ ಮೇಲೆ ಪುಸ್ತಕ ಮುಟ್ಟದ ಅಮ್ಮ, ಮದುವೆಯಾದಮೇಲೆ ಒಬ್ಬಳೇ ಬಸ್ಸು ಹತ್ತದ ಅಮ್ಮ, ಇದ್ದಕ್ಕಿದ್ದಂತೆ ಬೆಳಿಗ್ಗೆ ಒಂಬತ್ತಕ್ಕೆ ಕೈಚೀಲ ಹಿಡಿದು ಬಸ್ ಸ್ಟಾಪಿಗೆ ಓಡುವ ಹೆಂಗಸಾದಳು. ನನ್ನದು ಬೆಳಗಿನ ಶಾಲೆ. ಮಹಾಲಕ್ಷ್ಮಿ ಲೇಔಟಿನ ನಮ್ಮ ಕಾಂಪೌಂಡಿನಲ್ಲಿ ಮುಂದೊಂದು, ಹಿಂದೊಂದು ಎರಡು ಮನೆ ಇದ್ದವು. ಹಿಂದಿನದು ನಮ್ಮ ಬಾಡಿಗೆ ಮನೆ. ಒಂದು ಹಾಲು, ಒಂದು ರೂಮು, ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಬಿಸಿಲು ಬೆಳಿಗ್ಗೆ ಅರ್ಧ ಗಂಟೆ ಹಾಲಿನ ಕಿಟಕಿಗೆ ಬಂದು ಹೋದರೆ ಮತ್ತೆ ಮರುದಿನವೇ. ನಾನು ಶಾಲೆಯಿಂದ ಬಂದು ಬೀಗ ತೆಗೆದು ಒಳಗೆ ಹೋದಾಗ ಮನೆಯೊಳಗೆ ಬೆಳಗಿನ ಒಗ್ಗರಣೆಯ ವಾಸನೆ ತಣ್ಣಗಾಗಿ ನಿಂತಿರುತ್ತಿತ್ತು. ಅಮ್ಮ ದಿನಾ ಹೇಳುವ ಮಾತು ಒಂದೇ.

"ಒಳಗಡೆಯಿಂದ ಬೋಲ್ಟ್ ಹಾಕ್ಕೋ. ಯಾರ್ ಬಂದ್ರೂ ತೆಗೀಬೇಡ. ಕಿಟಕೀಲೇ ನಿಂತು ಮಾತಾಡಿ ಕಳಿಸ್ಬಿಡು. ಗ್ಯಾಸ್ ಹತ್ರ ಹೋಗ್ಬೇಡ."

ಬರುವವರಾದರೂ ಯಾರು? ಯಾರೂ ಬರುತ್ತಿರಲಿಲ್ಲ. ಮುಚ್ಚಿಟ್ಟ ಅನ್ನ ಸಾರು ಬಡಿಸಿಕೊಂಡು ಗೋಡೆಗೆ ಒರಗಿ ಕೂತು ಊಟ ಮಾಡುತ್ತಿದ್ದೆ. ಒಬ್ಬಳೇ ಊಟ ಮಾಡುವಾಗ ತಟ್ಟೆಯ ಸದ್ದು ಎಷ್ಟು ದೊಡ್ಡದೆಂದು ಎಂಟನೇ ವಯಸ್ಸಿಗೇ ನನಗೆ ಗೊತ್ತಾಗಿತ್ತು. ಆಮೇಲೆ ಹೋಂವರ್ಕು. ಅದು ಮುಗಿದರೆ ರೇಡಿಯೋ. ಕರೆಂಟು ಹೋದರೆ ಅದೂ ಇಲ್ಲ. ಬೀದಿಯಲ್ಲಿ ಹುಡುಗರು ಆಡುವುದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ, ಮಧ್ಯೆ ಮುಂದಿನ ಮನೆ ಅಡ್ಡ. ಸಂಜೆ ಅಮ್ಮ ಬಂದು ಚಪ್ಪಲಿ ಬಿಡುತ್ತಲೇ ಊಟ ಆಯಿತಾ, ಹೋಂವರ್ಕ್ ಆಯಿತಾ, ಯಾರಾದರೂ ಬಂದಿದ್ದರಾ ಅಂತ ಕೇಳುತ್ತಿದ್ದಳು. ಅಷ್ಟರಲ್ಲಿ ಅವಳ ಮಾತು ಮುಗಿದುಹೋಗುತ್ತಿತ್ತು. ಮುಖ ತೊಳೆದು ದೇವರ ಮುಂದೆ ದೀಪ ಹಚ್ಚಿ ಅಡುಗೆಮನೆಗೆ ಹೋದರೆ ನಾನು ಏನು ಹೇಳಿದರೂ "ಹೂಂ" ಅನ್ನುವುದಷ್ಟೇ. ಅಪ್ಪ ಇದ್ದಾಗ ಭಾನುವಾರ ಮನೆಯಲ್ಲಿ ಮುದ್ದೆ, ಮೀನು ಸಾರು, ಜೊತೆಗೆ ಅವರಿಬ್ಬರ ಜಗಳ ಇರುತ್ತಿದ್ದವು. ಉಪ್ಪು ಜಾಸ್ತಿ ಅಂತ ಅವನು, ನಾಲಿಗೆ ಕೆಟ್ಟಿದೆ ಅಂತ ಇವಳು. ಈಗ ಮೀನು ಇಲ್ಲ, ಜಗಳವೂ ಇಲ್ಲ. ಅಮ್ಮ ಅಪ್ಪನ ಹೆಸರೆತ್ತುತ್ತಿರಲಿಲ್ಲ. ಅವಳು ಎತ್ತುವುದಿಲ್ಲವಲ್ಲ ಅಂತ ನಾನೂ ಎತ್ತುತ್ತಿರಲಿಲ್ಲ.

ಬೆಕ್ಕು ಬಂದದ್ದು ಬಚ್ಚಲಮನೆಯ ಕಿಂಡಿಯಿಂದ. ಬೂದಿ ಬಣ್ಣದ್ದು, ಹೊಟ್ಟೆ ಎರಡೂ ಕಡೆ ಉಬ್ಬಿಕೊಂಡಿತ್ತು. ಒಂದು ಮಧ್ಯಾಹ್ನ ನಾನು ಉಣ್ಣುತ್ತಾ ಕೂತಿದ್ದಾಗ ಹಾಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನನ್ನ ಕಡೆ ತಿರುಗಿಯೂ ನೋಡದೆ ನಡೆದು, ರೂಮಿನ ಬೀರುವಿನ ಮೇಲಕ್ಕೆ ನೆಗೆದು, ಅಲ್ಲಿಂದ ಸಜ್ಜಕ್ಕೆ ಹತ್ತಿತು. ರೂಮಿನ ಗೋಡೆಯಿಂದ ಚಾಚಿದ ಆ ಕಲ್ಲುಚಪ್ಪಡಿಯ ಮೇಲೆ ನಾವು ಬಳಸದ ಸಾಮಾನೆಲ್ಲ ಇಡುತ್ತಿದ್ದೆವು. ಹಳೇ ಫ್ಯಾನು, ಹಿತ್ತಾಳೆ ಹಂಡೆ, ಅಪ್ಪನ ಬಟ್ಟೆ ತುಂಬಿ ಅಮ್ಮ ದಾರ ಸುತ್ತಿಟ್ಟಿದ್ದ ರಟ್ಟಿನ ಪೆಟ್ಟಿಗೆ. ನಾಲ್ಕು ದಿನವಾದ ಮೇಲೆ ಮೇಲಿಂದ ಸಣ್ಣ ಸಣ್ಣ ದನಿ ಕೇಳಿಸಿತು. ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ ನೋಡಿದೆ. ಪೆಟ್ಟಿಗೆಯ ಮುಚ್ಚಳ ಒಂದು ಕಡೆ ಕುಸಿದಿತ್ತು. ಒಳಗೆ ಅಪ್ಪನ ಕಂದು ಸ್ವೆಟರಿನ ಮೇಲೆ ನಾಲ್ಕು ಮರಿಗಳು, ಕಣ್ಣು ಬಿಡದವು. ತಾಯಿ ಬೆಕ್ಕು ನನ್ನನ್ನು ನೋಡಿ ಕಿವಿ ಹಿಂದಕ್ಕೆ ಮಡಚಿಕೊಂಡು ಹೆಡೆ ಎತ್ತಿದ ಹಾವಿನಂತೆ ಬುಸ್ಸೆಂದಿತು. ನಾನು ಇಳಿದುಬಿಟ್ಟೆ. ಆದರೆ ಆವತ್ತು ಸಂಜೆ ಅಮ್ಮ "ಯಾರಾದ್ರೂ ಬಂದಿದ್ರಾ?" ಅಂತ ಕೇಳಿದಾಗ ಮೊದಲ ಸಲ ಸುಳ್ಳು ಹೇಳಿದೆ.

"ಯಾರೂ ಇಲ್ಲ."

ತಾಯಿ ಬೆಕ್ಕು ದಿನಕ್ಕೊಂದೆರಡು ಸಲ ಆಹಾರಕ್ಕೆ ಹೊರಗೆ ಹೋಗುತ್ತಿತ್ತು. ಅದು ಕಿಂಡಿ ದಾಟಿದ್ದೇ ತಡ ನಾನು ಸ್ಟೂಲು ಹತ್ತುತ್ತಿದ್ದೆ. ಮೊದಲು ಬೆರಳಲ್ಲಿ ಮುಟ್ಟಿದೆ. ಆಮೇಲೆ ಅಂಗೈಯಲ್ಲಿ ಎತ್ತಿಕೊಂಡೆ. ಆಮೇಲೆ ಒಂದೊಂದನ್ನೇ ಲಂಗದಲ್ಲಿ ಹಾಕಿಕೊಂಡು ಕೆಳಗಿಳಿಸಿ, ನೆಲದ ಮೇಲೆ ಸಾಲಾಗಿ ಮಲಗಿಸಿ, ಟೀಚರಂತೆ ಅವಕ್ಕೆ ಹಾಜರಿ ಕರೆದೆ. ತಾಯಿ ಬರುವಷ್ಟರಲ್ಲಿ ವಾಪಸು ಇಟ್ಟರೆ ಆಯಿತು ಅಂದುಕೊಂಡಿದ್ದೆ. ಎರಡು ಸಲ ಅದರ ಕೈಗೇ ಸಿಕ್ಕಿಬಿದ್ದೆ. ಮರಿಗಳ ಕಣ್ಣು ತೆರೆದು ವಾರವಾಗಿರಬೇಕು, ಶಾಲೆಯಿಂದ ಬಂದು ನೋಡಿದರೆ ಪೆಟ್ಟಿಗೆಯಲ್ಲಿ ಎರಡೇ ಇದ್ದವು. ನನ್ನ ಕಣ್ಣೆದುರಿಗೇ ತಾಯಿ ಬಂದು ಇನ್ನೊಂದರ ಕತ್ತಿನ ಚರ್ಮ ಕಚ್ಚಿಕೊಂಡು ಕಿಂಡಿಯಿಂದ ಹೊರಗೆ ಹೋಯಿತು. ಕೊನೆಯದು ಉಳಿಯಿತು. ಸಣಕಲ ಗಂಡುಮರಿ, ಬಿಳಿ ಮೂತಿಯ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಅದಕ್ಕೂ ಬರುತ್ತದೆ ಅಂತ ನಾನು ಬಚ್ಚಲಮನೆಯ ಬಾಗಿಲಲ್ಲೇ ಕಾದೆ. ಬರಲಿಲ್ಲ. ಆವತ್ತಿಲ್ಲ, ಮರುದಿನ ಶಾಲೆ ಬಿಟ್ಟು ಬಂದಾಗಲೂ ಇಲ್ಲ. ಮರಿ ಕೂಗಿ ಕೂಗಿ ದನಿ ಬತ್ತಿಸಿಕೊಂಡು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿತ್ತು.

ಆಗ ಬೋಲ್ಟ್ ತೆಗೆದೆ. ಅದನ್ನು ಲಂಗದಲ್ಲಿ ಸುತ್ತಿಕೊಂಡು ಮುಂದಿನ ಮನೆಗೆ ಓಡಿದೆ. ಅಲ್ಲಿ ರುದ್ರಪ್ಪ ತಾತ, ಗಂಗಮ್ಮಜ್ಜಿ ಇಬ್ಬರೇ ಇರುತ್ತಿದ್ದರು. ತಾತ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಕಾಂಪೌಂಡರ್ ತಾತ ಅಂತಲೇ ಕರೆಯುತ್ತಿದ್ದರು. ತಾತ ಮರಿಯನ್ನು ಕೈಗೆ ತೆಗೆದುಕೊಂಡು, ಬಾಯೊಳಗೆ ಕಿರುಬೆರಳಿಟ್ಟು ನೋಡಿ, "ತಣ್ಣಗಾಗ್ಬಿಟ್ಟಿದೆಯಲ್ಲೇ" ಅಂದರು.

"ನಾನು ಮುಟ್ಟಿದ್ದಕ್ಕೇ ಬಿಟ್ಟು ಹೋಯ್ತಾ ತಾತ? ನನ್ನ ಕೈ ವಾಸನೆಗಾ?"

"ವಾಸನೆಗೆ ಅಲ್ಲ ಕಣಮ್ಮ. ಈ ಜಾಗ ಕ್ಷೇಮ ಇಲ್ಲ ಅನ್ನಿಸಿದೆ, ಮನೆ ಬದಲಾಯಿಸಿದೆ. ನಿಮ್ಮನೇಗೆ ದಿನಾ ಯಾರೋ ಬಂದು ನಿನ್ನ ಎತ್ಕೊಂಡು ಹೋಗಿ ವಾಪಸ್ ತಂದಿಡ್ತಿದ್ರೆ ನಿಮ್ಮಮ್ಮ ಅಲ್ಲೇ ಇರ್ತಿದ್ಲಾ?"

"ಇದನ್ಯಾಕೆ ಬಿಟ್ಟಿದ್ದು?"

ತಾತ ಮರಿಯ ಬೆನ್ನು ಮೆಲ್ಲಗೆ ಉಜ್ಜಿದರು. "ದಾರೀಲಿ ಅದಕ್ಕೇ ಏನಾಯ್ತೋ. ನಾಯಿ ಅಟ್ಟಿಸ್ತೋ, ಕಿಂಡಿ ಹತ್ರ ಬರೋಕೆ ಭಯ ಆಯ್ತೋ. ಬೇಕು ಅಂತ ಬಿಟ್ಟಿರಲ್ಲ" ಅಂದರು. ಆಮೇಲೆ ಗಂಗಮ್ಮಜ್ಜಿಗೆ ಬಿಸಿನೀರು ಕಾಯಿಸಲು ಹೇಳಿ, ಗಾಜಿನ ಬಾಟಲಿಗೆ ತುಂಬಿ ಪಂಚೆ ಸುತ್ತಿ ಮರಿಯ ಪಕ್ಕದಲ್ಲಿಟ್ಟರು. ಮೈ ಬಿಸಿಯಾಗುವವರೆಗೂ ಹಾಲು ಹಾಕಕೂಡದು, ತಣ್ಣನೆ ಹೊಟ್ಟೆಗೆ ಅರಗುವುದಿಲ್ಲ ಅಂತ ಹೇಳಿದರು. ನಾನು ಹಾಲಿನ ಲೋಟ ಹಿಡಿದುಕೊಂಡು ಆ ಅರ್ಧ ಗಂಟೆ ಕಾದದ್ದು ನೆನಪಿದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಕಾಯುವುದು ಅಂದರೆ ಏನು ಅಂತ ಗೊತ್ತಾದದ್ದು ಇಲ್ಲಿ.

ಅಮ್ಮನಿಗೆ ಹೇಳದೆ ವಿಧಿಯಿರಲಿಲ್ಲ. ತಾತನೇ ನನ್ನ ಜೊತೆ ಬಂದು ಹೇಳಿದರು. ಅವರಿರುವಷ್ಟು ಹೊತ್ತು ಅಮ್ಮ ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಅವರು ಹೋದ ಮೇಲೆ ರೂಮಿಗೆ ಹೋಗಿ ಸ್ಟೂಲು ಹತ್ತಿದಳು. ಪೆಟ್ಟಿಗೆಯನ್ನು ಹಾಗೇ ಕೆಳಗಿಳಿಸಿ ಹಾಲಿನ ನಡುವೆ ಇಟ್ಟು ಒಂದೊಂದೇ ಬಟ್ಟೆ ತೆಗೆದಳು. ಅಂಗಿಗಳಿಗೆಲ್ಲ ಬೆಕ್ಕಿನ ಕೂದಲು ಮೆತ್ತಿತ್ತು. ಸ್ವೆಟರಿನ ಮೇಲೆ ಹೆರಿಗೆಯ ಕಲೆ ಒಣಗಿ ಕಪ್ಪಾಗಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಎಷ್ಟು ದಿನದಿಂದ ಗೊತ್ತಿತ್ತು ನಿನಗೆ?"

"ಮೂರ್ ವಾರದಿಂದ."

"ಇದು ಯಾರ್ದು ಅಂತ ಗೊತ್ತಿರ್ಲಿಲ್ವಾ? ಮನೇಲಿ ಬೇರೆ ಚಿಂದಿ ಇರ್ಲಿಲ್ವಾ ನಿನ್ನ ಬೆಕ್ಕಿಗೆ?"

ಬೆನ್ನ ಮೇಲೆ ಒಂದೇಟು ಬಿತ್ತು. ಅದು ನೋಯಲಿಲ್ಲ, ಆದರೆ ಅಮ್ಮ ಹೊಡೆದದ್ದು ಅದೇ ಮೊದಲು. ನಾನು ಅಳುತ್ತಾ, ನಾನೇನೂ ಬೆಕ್ಕನ್ನು ಕರೆದಿರಲಿಲ್ಲ, ನೀನು ದಿನಾ ಬಿಟ್ಟು ಹೋಗ್ತೀಯಲ್ಲ, ನನಗೆ ಯಾರಿದ್ದಾರೆ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ನಾವಿಬ್ಬರೂ ಊಟ ಮಾಡದೆ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಸ್ವೆಟರು ತಂತಿಯ ಮೇಲೆ ಒಣಗುತ್ತಿತ್ತು. ಸಂಜೆ ಅಮ್ಮ ಕಚೇರಿಯಿಂದ ಬಂದವಳು ಅದನ್ನು ಮಡಿಸಿ, ಬಿದಿರು ಬುಟ್ಟಿಯೊಳಗೆ ಹಾಸಿ, ತಾತನ ಮನೆಯಿಂದ ಮರಿಯನ್ನು ತಂದು ಅದರ ಮೇಲೆ ಮಲಗಿಸಿದಳು. ಕಲೆ ಪೂರ್ತಿ ಹೋಗಿರಲಿಲ್ಲ. "ಇದಕ್ಕೆ ಈ ಹಾಸಿಗೇನೇ ಅಭ್ಯಾಸ ಆಗಿದೆಯಂತೆ" ಅಂದಳು, ತಾತನ ಮಾತು ಒಪ್ಪಿಸುವವಳಂತೆ.

ಮರಿಗೆ ನಾನು ಸಾಸಿವೆ ಅಂತ ಹೆಸರಿಟ್ಟೆ. ಅಮ್ಮ ಮಾತ್ರ "ಅದು", "ನಿನ್ನ ಬೆಕ್ಕು" ಅಂತಲೇ ಅನ್ನುತ್ತಿದ್ದಳು. ಹಸುವಿನ ಹಾಲು ಹಾಕಿದರೆ ಭೇದಿಯಾಗುತ್ತದೆ ಅಂತ ತಾತ ಲಗ್ಗೆರೆ ಕಡೆಯಿಂದ ಮೇಕೆ ಹಾಲು ತರಿಸಿದರು. ನನ್ನ ಪೆನ್ನಿಗೆ ಇಂಕು ತುಂಬುವ ಫಿಲ್ಲರನ್ನು ಕುದಿಸಿ ತೊಳೆದು ಕೊಟ್ಟರು. ನಾನು ಪಾಪುವಿಗೆ ಕುಡಿಸುವಂತೆ ಅಂಗಾತ ಹಿಡಿದುಕೊಂಡಾಗ ಕೈ ತಡೆದರು. "ಹಂಗಲ್ಲ, ಹಾಲು ಶ್ವಾಸಕ್ಕೆ ಹೋಗುತ್ತೆ. ತಾಯಿ ಹತ್ರ ಹೆಂಗೆ ಕುಡಿಯುತ್ತೋ ಹಂಗೆ, ಹೊಟ್ಟೆ ಕೆಳಗೆ, ತಲೆ ಮೇಲೆ." ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಅದರ ಹಿಂಭಾಗ ಒರೆಸಬೇಕಿತ್ತು. ತಾಯಿ ನೆಕ್ಕದೆ ಇಷ್ಟು ಸಣ್ಣ ಮರಿಗೆ ಉಚ್ಚೆ ಹೊಯ್ಯಲೂ ಬರುವುದಿಲ್ಲ ಅಂತ ಕೇಳಿ ನನಗೆ ಆಶ್ಚರ್ಯವಾಗಿತ್ತು. ನಾನು ಶಾಲೆಗೆ ಹೋದಾಗ ಗಂಗಮ್ಮಜ್ಜಿ ಕುಡಿಸುತ್ತಿದ್ದರು. ರಾತ್ರಿಯ ಪಾಳಿಯನ್ನು ಯಾರೂ ಹೇಳದೆಯೇ ಅಮ್ಮ ವಹಿಸಿಕೊಂಡಳು. ಮರಿ ಸ್ವಲ್ಪ ದೊಡ್ಡದಾಗಿ ಮೊಸರನ್ನ ತಿನ್ನತೊಡಗಿದಾಗ ತಾತ ಅದಕ್ಕೂ ಒಪ್ಪದೆ ಅಮ್ಮನಿಗೆ ಹೇಳಿದರು.

"ಬೆಕ್ಕು ಮಾಂಸ ತಿನ್ನೋ ಪ್ರಾಣಿ ಕಣಮ್ಮ ಸಾವಿತ್ರಿ. ಬರೀ ಅನ್ನ ಮೊಸರು ಹಾಕಿ ಸಾಕಿದ ಬೆಕ್ಕುಗಳ ಕಣ್ಣು ಹೋಗಿರೋದನ್ನ ನಾನೇ ನೋಡಿದ್ದೀನಿ."

ಮುಂದಿನ ಭಾನುವಾರ ಅಮ್ಮ ಮೀನು ತಂದಳು. ಸಾಸಿವೆಯ ಪಾಲನ್ನು ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿಟ್ಟಳು. ಉಳಿದದ್ದನ್ನು ಏನು ಮಾಡುವುದು ಅಂತ ಬಹಳ ಹೊತ್ತು ನಿಂತು ನೋಡಿ, ಆಮೇಲೆ ಮಸಾಲೆ ರುಬ್ಬಿದಳು. ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಸಾರು ಕುದಿಯಿತು. ಉಪ್ಪು ಸರಿಯಾಗಿದೆಯಾ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ದಿನಗಳಲ್ಲಿ ನನ್ನ ಮಧ್ಯಾಹ್ನಗಳು ಬದಲಾದವು ಅನ್ನಬೇಕು. ಬೀಗ ತೆಗೆಯುವ ಸದ್ದಿಗೆ ಬಾಗಿಲ ಹಿಂದೆ ಒಂದು ದನಿ ಇರುತ್ತಿತ್ತು. ಹೊಸ ಮನೆ ಕಟ್ಟುವಲ್ಲಿಂದ ಮರಳು ತಂದು ಹಳೇ ಟ್ರೇಗೆ ತುಂಬಿ ಬಚ್ಚಲಮನೆಯ ಮೂಲೆಯಲ್ಲಿಟ್ಟಿದ್ದೆ. ಒಂದು ದಿನ ಶುಚಿ ಮಾಡದಿದ್ದರೆ ಸಾಸಿವೆ ಅದರ ಪಕ್ಕದಲ್ಲಿ ಹೋಗಿ ಕೂತು ನನ್ನ ಮುಖ ನೋಡುತ್ತಿತ್ತು. ಬೇರೆ ಮಾತಿಲ್ಲದ ಮನೆಯಲ್ಲಿ ನಾನು ಅದರ ಭಾಷೆ ಕಲಿತೆ. ಬಾಲ ಕಂಬದಂತೆ ನಿಂತು ತುದಿ ಮಾತ್ರ ಬಾಗಿದ್ದರೆ ಖುಷಿ. ಕೂತಲ್ಲೇ ಬಾಲ ನೆಲಕ್ಕೆ ಬಡಿಯುತ್ತಿದ್ದರೆ ಸಾಕು ಬಿಡು ಅಂತ ಅರ್ಥ. ಹೊಟ್ಟೆ ಮೇಲೆ ಮಾಡಿ ಮಲಗಿದರೆ ನಂಬಿಕೆಯಷ್ಟೇ, ಮುಟ್ಟಲು ಕರೆದಂತಲ್ಲ. ಇದನ್ನು ನಾನು ಮೊಣಕೈವರೆಗೆ ಪರಚಿಸಿಕೊಂಡು ಕಲಿತೆ. ದಿಟ್ಟಿಸಿ ನೋಡಿದರೆ ಅದು ಮುಖ ತಿರುಗಿಸುತ್ತಿತ್ತು, ನಿಧಾನವಾಗಿ ಕಣ್ಣು ಮುಚ್ಚಿ ತೆರೆದರೆ ತಾನೂ ಹಾಗೇ ಮಾಡುತ್ತಿತ್ತು. ಈಗ ಉಲ್ಲಾಳದ ಫ್ಲ್ಯಾಟಿನಲ್ಲಿ ನನ್ನ ಜೊತೆ ಎರಡು ಬೆಕ್ಕುಗಳಿವೆ. ಎರಡಕ್ಕೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಬಾಲ್ಕನಿಗೆ ಬಲೆ ಹಾಕಿಸಿದ್ದೇನೆ, ಗೋಡೆಯುದ್ದಕ್ಕೂ ಹತ್ತಿ ಕೂರಲು ಹಲಗೆಗಳಿವೆ. ಪಕ್ಕದ ಫ್ಲ್ಯಾಟಿನ ಹುಡುಗಿಯರು ಬಂದು, "ಆಂಟಿ, ನಮ್ಮ ಬೆಕ್ಕು ಮಾತೇ ಕೇಳಲ್ಲ" ಅಂದರೆ ಕೂರಿಸಿಕೊಂಡು ಹೇಳುತ್ತೇನೆ. ಇಷ್ಟೆಲ್ಲ ಎಲ್ಲಿ ಕಲಿತಿರಿ ಅಂತ ಕೇಳುತ್ತಾರೆ. ಒಂದು ಬೆಕ್ಕನ್ನು ಕಳೆದುಕೊಂಡು ಕಲಿತೆ ಅಂತ ಅವರಿಗೆ ಹೇಳುವುದಿಲ್ಲ.

ಯಾಕೆಂದರೆ ನಾನು ಸಾಸಿವೆಯನ್ನು ನೋಡಿಕೊಂಡದ್ದಕ್ಕಿಂತ ಹೆಚ್ಚಾಗಿ ಹಿಡಿದಿಟ್ಟುಕೊಂಡಿದ್ದೆ. ಬಚ್ಚಲಮನೆಯ ಕಿಂಡಿಗೆ ರಟ್ಟು ಹೊಡೆದೆ. ಕಿಟಕಿ ತೆರೆಯಲಿಲ್ಲ. ನಾನು ಹೊರಗೆ ಹೋಗಕೂಡದು ಅಂದಮೇಲೆ ಅದೂ ಹೋಗಕೂಡದು. ವರ್ಷ ತುಂಬುವಷ್ಟರಲ್ಲಿ ಸಾಸಿವೆ ಗುಂಡುಮುಖದ ದೊಡ್ಡ ಗಂಡು ಬೆಕ್ಕಾಯಿತು. ಕಿಟಕಿಯ ಸರಳುಗಳ ನಡುವೆ ಮುಖವಿಟ್ಟು ಗಂಟಲು ಬಿರಿಯುವಂತೆ ಕೂಗತೊಡಗಿತು. ಅಮ್ಮನ ಕಚೇರಿ ಸೀರೆಗಳ ಮೇಲೆ ಉಚ್ಚೆ ಹೊಯ್ದಿತು. ಅದರ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಾನು ಎತ್ತಿಕೊಂಡರೆ ಒದ್ದು ಇಳಿಯುತ್ತಿತ್ತು. ನನಗೆ ಅದು ದ್ರೋಹದಂತೆ ಕಂಡಿತು. ತಾತನ ಮುಂದೆ ಹೋಗಿ ಅತ್ತೆ.

"ಅದಕ್ಕೆ ನಿನ್ನ ಮೇಲೆ ಕೋಪ ಇಲ್ಲ ಕಣೇ. ವಯಸ್ಸಿಗೆ ಬಂದಿದೆ, ಹೆಣ್ಣು ಹುಡುಕ್ತಾ ಇದೆ. ಕಿಟಕಿ ಹತ್ರ ಎತ್ತರದಲ್ಲಿ ಕೂರೋಕೆ ಜಾಗ ಮಾಡ್ಕೊಡು. ಊಟಕ್ಕೆ ಮುಂಚೆ ದಾರ ಎಳ್ದು ಓಡಾಡ್ಸಿ ಸುಸ್ತು ಮಾಡು. ಆದ್ರೆ ಇಷ್ಟರಲ್ಲೇ ನಿಲ್ಲಲ್ಲ. ಆಪರೇಷನ್ ಮಾಡಿಸ್ಬೇಕು. ನಿಮ್ಮಮ್ಮಂಗೆ ಹೇಳು, ನಮ್ಮ ಡಾಕ್ಟರ್‌ಗೆ ನಾನು ಚೀಟಿ ಬರೆದು ಕೊಡ್ತೀನಿ."

ಅಮ್ಮನಿಗೆ ಹೇಳಿದೆ. ಅವಳ ಕಿವಿ ಕೆಂಪಾಯಿತು. "ನಾನೊಬ್ಬಳೇ ಗಂಡಸರಿರೋ ಕಡೆ ಹೋಗಿ ಬೆಕ್ಕಿಗೆ ಅದನ್ನ ಮಾಡಿಸಿ ಅಂತ ಹೆಂಗೆ ಕೇಳ್ಲಿ? ಮುಂದಿನ ತಿಂಗಳು ನೋಡೋಣ" ಅಂದಳು. ಮುಂದಿನ ತಿಂಗಳು ತಾತ ಮೊಣಕಾಲು ನೋವಿಗೆ ಹಾಸಿಗೆ ಹಿಡಿದರು. ಅಷ್ಟರಲ್ಲಿ ಸಾಸಿವೆ ಕಿಂಡಿಯ ರಟ್ಟನ್ನು ಹರಿದು ದಾರಿ ಮಾಡಿಕೊಂಡಿತು. ಒಂದು ರಾತ್ರಿ ಹೋದರೆ ಬೆಳಿಗ್ಗೆ ಬರುತ್ತಿತ್ತು, ಆಮೇಲೆ ಎರಡು ದಿನಕ್ಕೊಮ್ಮೆ. ಒಂದು ಸಲ ಕೆನ್ನೆ ಬಾತುಕೊಂಡು ಬಂತು. ತಾತ ಮಲಗಿದಲ್ಲಿಂದಲೇ ಹೇಳಿಕೊಟ್ಟಂತೆ ಅಮ್ಮ ಸಾಸಿವೆಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡಳು, ನಾನು ಬಿಸಿ ಉಪ್ಪುನೀರಿನಲ್ಲಿ ಕೀವು ತೊಳೆದೆ. ಗಾಯ ಮಾಗುವವರೆಗೆ ನಾಲ್ಕು ದಿನ ಮನೆಯಲ್ಲೇ ಇತ್ತು. ಐದನೇ ದಿನ ಮಧ್ಯಾಹ್ನ ನನ್ನ ತಟ್ಟೆಯ ಪಕ್ಕ ಕೂತು ಮೊಟ್ಟೆ ತಿಂದು, ಮೀಸೆ ಒರೆಸಿಕೊಂಡು, ಕಿಂಡಿಯಿಂದ ಹೊರಗೆ ಹೋಯಿತು. ಮತ್ತೆ ಬರಲಿಲ್ಲ.

ಮೂರು ದಿನ ಆಯಿತು. ವಾರ ಆಯಿತು. ನಾನು ಮೀನಿನ ಬಟ್ಟಲು ಕಿಂಡಿಯ ಕೆಳಗಿಟ್ಟು ಅದರ ಮುಂದೆ ಕೂರುತ್ತಿದ್ದೆ. ಸಂಜೆ ಅಮ್ಮನಿಗೆ ಬಂದಿಲ್ಲ ಅಂತ ಹೇಳಿದರೆ, "ಬರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ" ಅನ್ನುತ್ತಾ ಅಕ್ಕಿ ತೊಳೆಯಲು ಹೋಗುತ್ತಿದ್ದಳು. ಅದೇ ಸಮಯಕ್ಕೆ ಅವಳೂ ತಡವಾಗಿ ಬರತೊಡಗಿದಳು. ಆರೂವರೆಯಾಗಿದ್ದದ್ದು ಏಳಾಯಿತು, ಏಳೂವರೆಯಾಯಿತು. ಕೇಳಿದರೆ ಬಸ್ಸು ಸಿಗಲಿಲ್ಲ ಅನ್ನುತ್ತಿದ್ದಳು. ಕತ್ತಲಾಗುತ್ತಾ ಬಂದ ಮನೆಯಲ್ಲಿ ದೀಪ ಹಾಕದೆ ಕೂತು ನಾನು ಅವಳ ಮೇಲೆ ಕೋಪ ಬೆಳೆಸಿದೆ. ಅವಳಿಗೆ ಸಾಸಿವೆ ಬೇಕಾಗಿರಲಿಲ್ಲ, ಸೀರೆ ಹಾಳಾಗುವುದು ತಪ್ಪಿತು ಅಂತ ಖುಷಿಯಾಗಿರಬೇಕು, ಈಗ ನಾನೂ ಬೇಡವಾಗಿದ್ದೇನೆ, ಕಚೇರಿಯಲ್ಲಿ ಯಾರ ಜೊತೆಯೋ ಕೂತು ಮಾತಾಡುತ್ತಿರಬೇಕು. ಅವಳು ಬಂದಾಗ ಬೋಲ್ಟ್ ತೆಗೆದು ಮುಖ ನೋಡದೆ ಒಳಗೆ ಹೋಗುತ್ತಿದ್ದೆ. ಅವಳು ಕೇಳುವ ಮೂರು ಪ್ರಶ್ನೆಗೂ ಉತ್ತರ ಕೊಡುವುದನ್ನು ನಿಲ್ಲಿಸಿದೆ.

ಹೀಗೆ ಮೂರು ವಾರ ಕಳೆದಿರಬೇಕು. ಒಂದು ಭಾನುವಾರ ಅಮ್ಮ ರಾಗಿ ಹಿಟ್ಟು ಮಾಡಿಸಿಕೊಂಡು ಬಾ ಅಂತ ಕಳಿಸಿದಳು. ಹಿಂದಿನ ಬೀದಿಯ ಹಿಟ್ಟಿನ ಮಿಲ್ಲಿನಲ್ಲಿ ಒಬ್ಬ ಆಂಟಿ ಇರುತ್ತಿದ್ದರು, ಹುಬ್ಬು ರೆಪ್ಪೆಯೆಲ್ಲ ಹಿಟ್ಟು ಹಿಡಿದವರು. ಡಬ್ಬ ಕೈಗೆ ಕೊಡುತ್ತಾ ನನ್ನನ್ನೇ ನೋಡಿ ಕೇಳಿದರು.

"ನೀನು ಕಾಂಪೌಂಡರ್ ಮನೆ ಹಿಂದ್ಗಡೆ ಇರೋರ ಮಗಳಲ್ವಾ? ನಿಮ್ಮಮ್ಮ ವ್ಯಾಪಾರ ಶುರು ಮಾಡಿದ್ದಾರಾ?"

"ಇಲ್ಲ ಆಂಟಿ, ಆಫೀಸಿಗೆ ಹೋಗ್ತಾರೆ."

"ಮತ್ತೆ ದಿನಾ ಸಾಯಂಕಾಲ ಸಾಸಿವೆ, ಸಾಸಿವೆ ಅಂತ ಕೂಗ್ಕೊಂಡು ಹೋಗ್ತಾರಲ್ಲ? ಒಂದಿನ ಕಾಲು ಕೆಜಿ ಕೊಡಿ ಅಂತ ಕೂಗ್ದೆ. ತಲೆ ತಗ್ಗಿಸ್ಕೊಂಡು ಹೊರಟೋದ್ರು. ಕೈಯಲ್ಲಿ ನೋಡಿದ್ರೆ ಮೂಟೆನೂ ಇಲ್ಲ, ಏನೂ ಇಲ್ಲ."

ಡಬ್ಬ ಬಿಸಿಯಾಗಿತ್ತು. ಅದನ್ನು ಹೊಟ್ಟೆಗೆ ಒತ್ತಿಕೊಂಡು ಮನೆಗೆ ಬಂದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಏನೂ ಕೇಳಲು ನನಗೆ ಧೈರ್ಯ ಬರಲಿಲ್ಲ. ಆ ಹೆಸರನ್ನು ಅವಳು ಒಂದು ಸಲವಾದರೂ ನನ್ನೆದುರಿಗೆ ಹೇಳಿದ್ದಳೇ ಅಂತ ಇಡೀ ದಿನ ನೆನಪು ಮಾಡಿಕೊಂಡೆ. ಹೇಳಿರಲಿಲ್ಲ.

ಮರುದಿನ ಸಂಜೆ ಆರು ಗಂಟೆಗೆ ನಾನು ಮನೆಗೆ ಬೀಗ ಹಾಕಿ ಮಿಲ್ಲಿನ ಬೀದಿಯ ತಿರುವಿನಲ್ಲಿ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಹೆಗಲಲ್ಲಿ ಕೈಚೀಲ, ಬಸ್ಸಿನಲ್ಲಿ ಮುದುಡಿದ ಸೀರೆ. ಅಕ್ಕಪಕ್ಕ ಯಾರೂ ಇಲ್ಲದಾಗ ಕರೆಯುತ್ತಿದ್ದಳು, ಯಾರಾದರೂ ಎದುರು ಬಂದರೆ ಬಾಯಿ ಮುಚ್ಚಿಕೊಂಡು ದಾರಿಹೋಕಳಂತೆ ನಡೆಯುತ್ತಿದ್ದಳು. ಅವರು ದಾಟಿದ ಮೇಲೆ ಮತ್ತೆ ಕರೆಯುತ್ತಿದ್ದಳು. ನಿಂತಿದ್ದ ಲಗೇಜ್ ಆಟೋದ ಕೆಳಗೆ ಬಗ್ಗಿ ನೋಡಿದಳು. ಅರ್ಧ ಕಟ್ಟಿದ ಮನೆಯೊಂದರ ಮರಳು ರಾಶಿಯ ಹತ್ತಿರ ಹೋಗಿ, ಚೀಲದಿಂದ ಪೇಪರಿನ ಪೊಟ್ಟಣ ತೆಗೆದು, ಒಣಮೀನಿನ ಚೂರು ಹಾಕಿ, ಸ್ವಲ್ಪ ದೂರ ಸರಿದು ಕಾದಳು. ಒಂದು ಕಪ್ಪು ಬೆಕ್ಕು ಬಂದು ತಿಂದಿತು. ಅದು ತಿಂದು ಮುಗಿಸುವವರೆಗೂ ನೋಡುತ್ತಾ ನಿಂತು ತಿರುಗಿದವಳಿಗೆ ನಾನು ಕಂಡೆ.

"ಬಾಗ್ಲು? ಬೀಗ ಹಾಕಿದ್ಯಾ?"

"ಹಾಕಿದ್ದೀನಿ."

"ಯಾಕೆ ಬಂದೆ ಒಬ್ಬಳೇ?"

"ನೀನ್ಯಾಕೆ ಹೇಳ್ಲಿಲ್ಲ?"

ಅಮ್ಮ ಪೊಟ್ಟಣವನ್ನು ಮಡಿಸಿದಳು, ಮತ್ತೆ ಮಡಿಸಿದಳು. "ಏನಂತ ಹೇಳ್ಲಿ? ತಾತ ಅಷ್ಟು ಸಲ ಹೇಳಿದ್ರು. ನಾನು ನಾಚ್ಕೊಂಡು ಕೂತೆ. ಆವಾಗ್ಲೇ ಕರ್ಕೊಂಡು ಹೋಗಿದ್ರೆ ಇವತ್ತು ಮನೇಲಿ ಇರ್ತಿತ್ತು. ಹುಡುಕಿ ತಂದು ನಿನ್ನ ಕೈಗೆ ಕೊಟ್ಟು ಆಮೇಲೆ ಹೇಳೋಣ ಅಂತಿದ್ದೆ." ಅವಳು ಅಷ್ಟು ಉದ್ದದ ಮಾತಾಡಿ ಮೂರು ವರ್ಷದ ಮೇಲಾಗಿತ್ತು. ದನಿ ಕೂಗಿ ಕೂಗಿ ಒಡೆದಿತ್ತು. ಮನೆಯಲ್ಲಿ ಅದು ನೆಗಡಿ ಅಂದುಕೊಂಡಿದ್ದೆ.

"ಕಿಂಡಿ ಮುಚ್ಚಿ ಇಟ್ಟಿದ್ದು ನಾನು" ಅಂದೆ.

"ನಿನ್ನನ್ನ ಮುಚ್ಚಿ ಇಟ್ಟಿದ್ದು ನಾನು" ಅಂದಳು ಅಮ್ಮ.

"ಅದು ಬರಲ್ಲ ಅಮ್ಮ. ಸಾಕು. ಮನೆಗೆ ಹೋಗೋಣ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಅಳುವೋ ನನಗೆ ಕಾಣಲಿಲ್ಲ. ಬೀದಿಯ ಕೊನೆಯ ಕಡೆ ಕೈ ತೋರಿಸಿ, "ಆ ಸಾಲು ಒಂದು ಉಳಿದಿದೆ. ಅದೊಂದು ನೋಡ್ಕೊಂಡು ಹೋಗ್ಬಿಡೋಣ, ಬಾ" ಅಂದಳು. ಅವಳು ಎಡಗಡೆ, ನಾನು ಬಲಗಡೆ. ಈ ಸಲ ನಾನು ಜೋರಾಗಿ ಕೂಗಿದೆ. ಮಹಡಿಗಳ ಮೇಲಿಂದ ಜನ ಬಗ್ಗಿ ನೋಡಿದರು. ಅಮ್ಮನೂ ಬಾಯಿ ಮುಚ್ಚಿಕೊಳ್ಳಲಿಲ್ಲ, ಕೂಗಿದಳು. ಸಾಸಿವೆ ಆವತ್ತೂ ಸಿಗಲಿಲ್ಲ, ಮುಂದೆಂದೂ ಸಿಗಲಿಲ್ಲ. ವಾಹನಕ್ಕೆ ಸಿಕ್ಕಿತೋ, ಬೇರೆ ಯಾರ ಮನೆಯ ಸಜ್ಜದಲ್ಲೋ ಬದುಕಿತೋ ನನಗೆ ತಿಳಿಯದು.

ಅಲ್ಲಿಂದಾಚೆ ಅಮ್ಮ ಆರೂವರೆಗೇ ಬರುತ್ತಿದ್ದಳು. ಬಂದು ಕಾಫಿ ಕುಡಿದ ಮೇಲೆ ನಾವಿಬ್ಬರೂ ಹೊರಡುತ್ತಿದ್ದೆವು. ದಿನಕ್ಕೆರಡು ಬೀದಿ. ಕೂಗುವುದರ ನಡುವೆ ಅಮ್ಮ ಅದೂ ಇದೂ ಹೇಳುತ್ತಿದ್ದಳು. ಕಚೇರಿಯಲ್ಲಿ ಮೊದಲ ದಿನ ಫೈಲು ಕಟ್ಟಲು ಬಾರದೆ ಅತ್ತದ್ದು, ಅಪ್ಪನ ಮೇಜಿನ ಡ್ರಾಯರಿನಲ್ಲಿ ನನಗೆಂದು ಇಟ್ಟಿದ್ದ ಪೆಪ್ಪರ್‌ಮೆಂಟು ಸಿಕ್ಕಿದ್ದು, ಅದನ್ನು ನನಗೆ ಕೊಡಲಾರದೆ ತಾನೇ ತಿಂದದ್ದು. ನಾನು ಕೇಳುತ್ತಾ ನಡೆಯುತ್ತಿದ್ದೆ. ಮಳೆಗಾಲ ಬಂತು, ಕೊಡೆ ಹಿಡಿದು ಹೋದೆವು. ಎಷ್ಟು ತಿಂಗಳೋ ನೆನಪಿಲ್ಲ. ಒಂದು ಸಂಜೆ ಮಿಲ್ಲಿನ ಬೀದಿ ದಾಟಿ, ಸುತ್ತು ಮುಗಿಸಿ, ಕಾಂಪೌಂಡಿನ ಗೇಟಿನ ಹತ್ತಿರ ಬಂದ ಮೇಲೆ ಅಮ್ಮ ತಟ್ಟನೆ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಯಾಕೆ ಅಂತ ನನಗೆ ಕೂಡಲೇ ತಿಳಿಯಿತು. ಆವತ್ತು ನಾವಿಬ್ಬರೂ ಒಂದು ಸಲವೂ ಕೂಗಿರಲಿಲ್ಲ.